ಅರ್ಧ ಹಾಳೆಯ ಕಾದಂಬರಿ

ವಾಡಿ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ಸುಶೀಲಾ ತಿರುಗಿ ನೋಡಿದಳೋ ಇಲ್ಲವೋ, ನನಗೆ ಖಚಿತವಿಲ್ಲ. ನೋಡಿದಳೆಂದು ಒಮ್ಮೆ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದ್ದರ ಫಲ ಇದು. ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಅಲ್ಲಿ ಕಲಿಸಿದರು. ನನ್ನ ನೆನಪಿಗೆ ನಾನೊಬ್ಬನೇ ಸಾಕ್ಷಿ; ಆ ಸಾಕ್ಷಿ ಎಂಥವನೆಂದು ನನಗೆ ಚೆನ್ನಾಗಿ ಗೊತ್ತು.

ಸೇಡಂನ ಹೈಸ್ಕೂಲಿನಲ್ಲಿ ಆಕೆಯೂ ನಾನೂ ಕಲಿಸುತ್ತಿದ್ದೆವು. ರೈಲ್ವೆಯಲ್ಲಿದ್ದ ಅಣ್ಣನಿಗೆ ಸೊಲ್ಲಾಪುರಕ್ಕೆ ವರ್ಗವಾಗಿ, ಅವನ ಸಂಸಾರದ ಜೊತೆ ಹೊರಟಿದ್ದಳು. ನಾನು ಕಾದಂಬರಿ ಬರೆಯುತ್ತಿರುವುದು ಗೊತ್ತಿದ್ದವಳು ಅವಳೊಬ್ಬಳೇ. "ಹೆಸರೇನ್ ಇಡ್ತೀರಿ?" ಎಂದಳು ಕಿಟಕಿಯಿಂದ. ನಾನು ಬಾಯಿ ತೆರೆಯುವಷ್ಟರಲ್ಲಿ ರೈಲು ಹೊರಡುವ ಸೂಚನೆಯ ಎರಡನೆಯ ಗಂಟೆ ಹೊಡೆಯಿತು. "ತಗೋರಿ, ಎರಡನೆಯ ಗಂಟೆ! ಇದನ್ನೇ ಇಡ್ರಿ. ಅಚ್ಚಾಗ್ಲಿ, ಎಲ್ಲಿದ್ರೂ ಕೊಂಡು ಓದ್ತೀನಿ" ಎಂದು ನಕ್ಕಳು. ವಿಳಾಸ ಕೇಳುವ ಧೈರ್ಯ ನನಗಾಗಲಿಲ್ಲ. ಹಾಗಾಗಿ ಆಕೆಗೆ ನಾನು ಬರೆಯಬಹುದಾದ ಕಾಗದವೆಂದರೆ ಆ ಕಾದಂಬರಿಯೊಂದೇ. ಅದು ಅಚ್ಚಾದರೆ ಮಾತ್ರ ತಲುಪುವ ಕಾಗದ.

ಪ್ರಕಾಶಕರು ಕಾರ್ಡಿನಲ್ಲಿ ನಿಯಮ ಬರೆದು ಕಳಿಸಿದರು: ಹಾಳೆಯ ಒಂದೇ ಮಗ್ಗುಲು, ದುಂಡಗಿನ ಅಕ್ಷರ, ಪುಟಸಂಖ್ಯೆ, ಸಾಕಷ್ಟು ಅಂಚು. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಓದಲಾರದೆ ಹುಡುಗರು ಪಕ್ಕದ ವರ್ಗದಿಂದ ನೋಟ್ಸ್ ತರುತ್ತಿದ್ದರು. ಆದ್ದರಿಂದ ತಹಶೀಲ್ ಕಚೇರಿಯ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಮಕಬೂಲ್ ಚಾಚಾನ ಬಳಿ ಹೋದೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆಯುತ್ತಿದ್ದವರು, ಮೈಸೂರು ರಾಜ್ಯ ಬಂದ ಮೇಲೆ ನಡುವಯಸ್ಸಿನಲ್ಲಿ ಕನ್ನಡ ಅಕ್ಷರ ತಿದ್ದಿದವರು. ತಡವಾಗಿ ಕಲಿತದ್ದಕ್ಕೋ ಏನೋ, ಒಂದೊಂದು ಅಕ್ಷರವನ್ನೂ ಮನೆಗೆ ಬಂದ ಅತಿಥಿಯಂತೆ ಕೂರಿಸುತ್ತಿದ್ದರು.

ವಾರದ ನಂತರ ಹೋಗಿ ನೋಡಿದರೆ, ಪ್ರತಿ ಹಾಳೆಯನ್ನೂ ಉದ್ದಕ್ಕೆ ಮಡಚಿ ಬಲಗಡೆಯ ಅರ್ಧದಲ್ಲಿ ಮಾತ್ರ ಬರೆದಿದ್ದರು!

"ಇದೇನ್ರಿ ಚಾಚಾ, ಅರ್ಧಾ ಹಾಳಿ ಖಾಲಿ ಬಿಟ್ಟೀರಿ?"

"ಜಾಗಾ ಬಿಡ್ರಿ ಅಂತ ನೀವೇ ಹೇಳೀರಲ್ಲ ಮಾಸ್ತರ್ ಸಾಬ್. ಸಾಹೇಬ್ರು ಹುಕುಂ ಎಲ್ಲಿ ಬರೀಬೇಕು, ನನ್ನ ತಲಿ ಮ್ಯಾಲೇನು?"

ಕಚೇರಿಯ ಅರ್ಜಿಗಳೆಲ್ಲ ಹಾಗೆಯೇ. ಎಡದ ಅರ್ಧ ಅಧಿಕಾರಿಯ ಅಪ್ಪಣೆಗೆ ಮೀಸಲು. ಕಾದಂಬರಿಗೆ ಯಾರು ಹುಕುಂ ಬರೆಯುತ್ತಾರೆ ಎಂದೆ. "ಬೇಡಿಕಿ ಇಲ್ದೆ ಯಾರರೆ ಇಷ್ಟು ಬರೀತಾರೇನ್ರಿ?" ಎಂದರು. ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಯೋಜನದ ಮೇಲೆ ಎರಡು ಉಪನ್ಯಾಸ ಕೇಳಿದ್ದೆ. ಇಷ್ಟು ಚುರುಕಾದದ್ದು ಅಲ್ಲಿ ಕೇಳಿದ ನೆನಪಿಲ್ಲ. ಉಳಿದದ್ದನ್ನೂ ಹಾಗೆಯೇ ಬರೆಯಲು ಬಿಟ್ಟೆ.

ಸುಶೀಲಾ ಹೊರಟುಹೋದದ್ದನ್ನೂ ನಾನು ಕಾದಂಬರಿಗೆ ಸೇರಿಸಿದ್ದೆ; ಆ ಸ್ಟೇಷನ್ನಿನ ಪ್ರಸಂಗಕ್ಕೆ ಬಂದಾಗ ಚಾಚಾ ನನ್ನನ್ನು ಕರೆಸಿದರು. "ಇಲ್ಲಿ ನೋಡಿದ್ಳು ಅಂತದ, ಹೊಡದೀರಿ, ಮತ್ತ ಬರದೀರಿ. ಅರ್ಜಿದಾಗ ಎರಡ್ ಮಾತು ಬಂದ್ರ ಕೆಲಸ ಕೆಡ್ತದ. ಖರೇ ಯಾವ್ದು?"

"ನೆನಪಿಲ್ಲ ಚಾಚಾ."

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆಕಿ ನೋಡಿಲ್ಲಂದ್ರ ನೀವು ಹಿಂಗ ಯಾಕ್ ಆಗ್ತಿದ್ರಿ? ನೋಡಿದ್ಳು ಅಂತ ಬರ್ಕೋತೀನಿ, ಹೋಗ್ರಿ ಸಾಲಿಗಿ."

ಕಟ್ಟು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು; ಮೂರು ತಿಂಗಳಿಗೆ ತಿರುಗಿ ಬಂತು. ಜೊತೆಗಿದ್ದ ಪತ್ರ ಕಠಿಣವಾಗೇನೂ ಇರಲಿಲ್ಲ. ಕಥೆ ಪರಿಶೀಲಿಸಬಹುದಾದದ್ದು, ಅರ್ಧ ಹಾಳೆಯ ಪ್ರತಿಯಿಂದ ಪುಟಗಳ ಅಂದಾಜು ಸಿಗುವುದಿಲ್ಲ, ನಿಯಮದಂತೆ ಮತ್ತೆ ಬರೆಸಿ ಕಳಿಸಿ. ಅಷ್ಟೇ.

ಅಷ್ಟು ಮಾಡಲು ನನ್ನಿಂದ ಆಗಲಿಲ್ಲ. ಚಾಚಾನಿಗೆ ಹೇಗೆ ಹೇಳುವುದು? ದಾರಿಯಲ್ಲಿ ಸಿಕ್ಕಾಗಲೆಲ್ಲ "ಹುಕುಂ ಬಂತೇನ್ರಿ?" ಎನ್ನುತ್ತಿದ್ದರು. "ಇನ್ನೂ ಇಲ್ರಿ" ಎನ್ನುತ್ತಿದ್ದೆ. ಬೇರೆಯವರಿಂದ ಬರೆಸಿದರೆ ಅವರಿಗೆ ನೋವಾಗುತ್ತದೆ ಎಂದು ನನಗೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಮತ್ತೆ ಬರೆಸಿದರೆ ಮತ್ತೆ ಯಾರೋ ಆ ಸಾಲಿಗೆ ಬಂದು ಬೆರಳಿಟ್ಟು ಕೇಳುತ್ತಾರೆ ಎಂಬ ಅಂಜಿಕೆ ಉಳಿದರ್ಧ. ಬೇಸಿಗೆ ರಜೆಯಲ್ಲಿ ನೋಡೋಣವೆಂದೆ. ಬೇಸಿಗೆಗಳು ಬಂದು ಹೋದವು. ಚಾಚಾ ತೀರಿಕೊಂಡರು. ಆಮೇಲೆ ನೆಪವೂ ಉಳಿಯಲಿಲ್ಲ, ಹುರುಪೂ ಉಳಿಯಲಿಲ್ಲ.

ಎಷ್ಟೋ ವರ್ಷಗಳ ನಂತರ ಮದುವೆಯೊಂದಕ್ಕೆ ಸೊಲ್ಲಾಪುರಕ್ಕೆ ಹೋಗಿದ್ದೆ. ಅಲ್ಲೊಂದು ಕನ್ನಡ ಪುಸ್ತಕದಂಗಡಿ ಹೊಕ್ಕು, ಮಾತಿಗೆ ಮಾತು ಬಂದು ನನ್ನ ಹೆಸರು ಹೇಳಿದೆ. ಅಂಗಡಿಯ ಮುದುಕ ಹುಬ್ಬೇರಿಸಿದ. "ನಿಮ್ಮದೊಂದು ಕಾದಂಬರಿ ಅದ ಅಲ್ರಿ? ಯಾರೋ ಸಾಲಿ ಕಲಿಸೋ ಬಾಯೋರು ಕೇಳ್ಕೋತ ಬಂದಿದ್ರು." ನಾನು ನಂಬಲಿಲ್ಲ. ಗಿರಾಕಿಯನ್ನು ಖುಷಿಪಡಿಸುವ ಮಾತು ಎಂದುಕೊಂಡೆ. ಸಾಕ್ಷಿ ಬೇಕೆಂದೆ. ಗಿರಾಕಿಗಳು ಕೇಳಿ ಸಿಗದೆ ಹೋದ ಪುಸ್ತಕಗಳನ್ನು ಗುರುತು ಹಾಕಿಕೊಳ್ಳುವ ವಹಿಯನ್ನು ಆತ ಮೇಲಿನ ಹಲಗೆಯಿಂದ ಇಳಿಸಿ, ಧೂಳು ಕೊಡವಿ, ನನ್ನ ಮುಂದಿಟ್ಟ. ನಾನೇ ಹಾಳೆ ತಿರುವಿದೆ, ನಾನೇ ಓದಿದೆ. 'ಎರಡನೆಯ ಗಂಟೆ', ಅದರ ಮುಂದೆ ನನ್ನ ಪೂರ್ತಿ ಹೆಸರು. ಎರಡು ಬೇರೆ ಬೇರೆ ವರ್ಷಗಳಲ್ಲಿ, ಎರಡು ಸಲ.