ತಾಲೀಮಕ್ಕನ ಎರಡು ಜಡೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮೂರನೇ ಮಹಡಿಯ ಇಕ್ಕಟ್ಟಿನ ಅಡುಗೆಮನೆಯಲ್ಲಿ ಐವತ್ತಾರು ವರ್ಷದ ಸರ್ಕಾರಿ ನೌಕರರೊಬ್ಬರು ಗಿಡ್ಡ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಾರೆ. ಅವರ ಬೆನ್ನ ಹಿಂದೆ ನಿಂತ ಲಿಫ್ಟ್ ಮೆಕ್ಯಾನಿಕ್, ಬಾಯಲ್ಲಿ ಕೆಂಪು ರಿಬ್ಬನ್ ಕಚ್ಚಿಕೊಂಡು, ಆ ನರೆಗೂದಲನ್ನು ಮೂರು ಪಾಲು ಮಾಡಿ ಯಾವುದರ ಮೇಲೆ ಯಾವುದನ್ನು ಹಾಕಬೇಕೆಂದು ತಿಳಿಯದೆ ಬೆವರುತ್ತಿದ್ದಾನೆ. ಒಲೆಯ ಮೇಲೆ ಮೊಟ್ಟೆ ಬೇಯುತ್ತಿದೆ. ಬಾಗಿಲಿಗೇ ಕುರ್ಚಿ ಹಾಕಿಕೊಂಡಿರುವ ಕೆಳಮನೆ ಅಜ್ಜಿ, ಒಂದು ಕಾಲದ ಬಸ್ ಕಂಡಕ್ಟರ್, ತಮ್ಮ ಹಳೇ ಸೀಟಿ ಊದಿ ಹೊರಡಲು ಇನ್ನು ಅರ್ಧ ಗಂಟೆಯಷ್ಟೇ ಎಂದು ಎಚ್ಚರಿಸುತ್ತಾರೆ.

"ಅಪ್ಪಾ, ನೋಯ್ತಿದೆ. ನಾನು ಇವತ್ತು ಸ್ಕೂಲಿಗೆ ಹೋಗಲ್ಲ," ಎಂದು ರಾಗ ಎಳೆಯುತ್ತಾರೆ ಸರ್ಕಾರಿ ನೌಕರರು.

ಇವರಿಗೆಲ್ಲ ತಲೆ ನೆಟ್ಟಗಿದೆಯೇ ಎಂದು ಯಾರಿಗಾದರೂ ಅನುಮಾನ ಬರಬೇಕು. ನನಗಂತೂ ಬಂತು. ಆದರೆ ಇಲ್ಲಿ ನಡೆಯುತ್ತಿರುವುದು ಹುಡುಗಾಟವಲ್ಲ. ಈ ಮನೆಯ ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಎಂಟು, ಇನ್ನೊಬ್ಬಳಿಗೆ ಐದು, ಏಳು ತಿಂಗಳಿಂದ ಮಕ್ಕಳ ಧಾಮದಲ್ಲಿದ್ದಾರೆ. ತಾಯಿ ತೀರಿಹೋಗಿ ಎರಡು ವರ್ಷ. ಅಪ್ಪ ಲಿಫ್ಟಿನ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಾಗ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ. ಈಗ ಕಾಲು ಕೂಡಿದೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಮಕ್ಕಳನ್ನು ವಾಪಸ್ ಕಳಿಸಬೇಕೇ ಎಂದು ತೀರ್ಮಾನಿಸುವ ಸಮಿತಿ ಮಾತ್ರ ಕಳೆದ ತಿಂಗಳು ಬೇಡವೆಂದಿತು. ಬೆಳಗಿನ ಹೊತ್ತು ಇಬ್ಬರನ್ನೂ ಹೇಗೆ ಹೊರಡಿಸುತ್ತೀಯಪ್ಪ ಎಂದು ಅವರು ಕೇಳಿದರೆ, ಈ ಪುಣ್ಯಾತ್ಮ "ನೋಡ್ಕೋತೀನಿ" ಎಂದು ಬಾಯಿಗೆ ಬೀಗ ಹಾಕಿಕೊಂಡನಂತೆ. ಎರಡನೇ ವಿಚಾರಣೆ ಇವತ್ತು ಹನ್ನೊಂದು ಗಂಟೆಗೆ. ಇವತ್ತೂ ಬೇಡವೆಂದರೆ ದೊಡ್ಡವಳು ದೊಡ್ಡ ಮಕ್ಕಳ ಧಾಮಕ್ಕೆ ಹೋಗುತ್ತಾಳೆ, ಚಿಕ್ಕವಳು ಈಗಿರುವ ಧಾಮದಲ್ಲೇ ಉಳಿಯುತ್ತಾಳೆ. ಅಕ್ಕತಂಗಿಯರು ಬೇರೆಯಾಗುತ್ತಾರೆ.

ಅದಕ್ಕೇ ಈ ತಾಲೀಮು. ಸ್ಟೂಲಿನ ಮೇಲೆ ಕೂತ ನೌಕರರದು ಕಡತಗಳಲ್ಲಿ ಕುಟುಂಬ ಕಾರ್ಯಕರ್ತೆಯ ಹುದ್ದೆ. ಬೀದಿಯವರ ಬಾಯಲ್ಲಿ ತಾಲೀಮಕ್ಕ. ಮಕ್ಕಳು ಮನೆಗೆ ಬರುವ ಮುಂಚೆ, ಮಕ್ಕಳಿಲ್ಲದೆಯೇ ಒಂದು ಇಡೀ ಬೆಳಗನ್ನು ಅಪ್ಪ ಅಮ್ಮಂದಿರಿಂದ ಮಾಡಿಸಿ ನೋಡುವುದು ಇವರ ಪದ್ಧತಿ. ಎಬ್ಬಿಸಬೇಕು, ಹಲ್ಲುಜ್ಜಿಸಬೇಕು, ತಿನ್ನಿಸಬೇಕು, ಜಡೆ ಹಾಕಬೇಕು, ಒಂದು ಕಾಲಿನ ಸಾಕ್ಸ್ ಹುಡುಕಬೇಕು. ಸಾಕ್ಸನ್ನು ಬಚ್ಚಿಡುವವರೂ ಇವರೇ. ಹಟ ಮಾಡುವುದರಲ್ಲಿ ಯಾವ ಮಗುವೂ ಇವರ ಮುಂದೆ ನಿಲ್ಲಲಾರದು.

ಇಂದು ನನ್ನ ಪಾಲಿಗೂ ಒಂದು ಪಾತ್ರ ಬಂದಿದೆ. ಪತ್ರಿಕೆಗೆಂದು ಸುಮ್ಮನೆ ನಿಂತು ಬರೆದುಕೊಳ್ಳುವವರಿಗೆ ಈ ಮನೆಯಲ್ಲಿ ಜಾಗವಿಲ್ಲವಂತೆ. ನಾನು ಐದು ವರ್ಷದ ಚಿಕ್ಕ ಮಗಳಾಗಿ ಹಾಲು ಬೇಡವೆನ್ನಬೇಕು. ಹರಳೆಣ್ಣೆ ಕಂಡವರ ಹಾಗೆ ಮುಖ ಕಿವುಚಿ, ಬಾಯಿ ಬಿಗಿದು ಕೂರುತ್ತೇನೆ. ಮೆಕ್ಯಾನಿಕ್ ರಮಿಸುತ್ತಾನೆ, ಗದರುತ್ತಾನೆ, ಸೋಲುತ್ತಾನೆ. ಕೊನೆಗೆ ಏನೋ ಹೊಳೆದು, ಹಾಲನ್ನು ತನ್ನ ದೊಡ್ಡ ಲೋಟಕ್ಕೆ ಬಗ್ಗಿಸಿ ನನ್ನ ಮುಂದಿಟ್ಟು, ಇದು ಅಪ್ಪನ ಲೋಟ, ಮುಟ್ಟಬೇಡ ಎಂದು ಬೆನ್ನು ತಿರುಗಿಸುತ್ತಾನೆ. ಸುಳ್ಳೇಕೆ ಹೇಳಲಿ, ನಾನು ಗಟಗಟ ಕುಡಿದುಬಿಟ್ಟೆ. ತಾಲೀಮಕ್ಕ ಅರ್ಧ ಜಡೆಯಲ್ಲೇ ಚಪ್ಪಾಳೆ ತಟ್ಟುತ್ತಾರೆ. ಅಜ್ಜಿ ಸೀಟಿ ಊದುತ್ತಾರೆ.

ಈ ಅಜ್ಜಿಯನ್ನು ಹುಡುಕಿದ್ದೂ ತಾಲೀಮಕ್ಕನೇ. ಮೇಲಿನ ಮನೆಯ ಮಕ್ಕಳ ಗಲಾಟೆ ಎಂದು ಮೊದಲು ದೂರು ಕೊಟ್ಟವರೇ ಇವರು. ಆ ಹಳೇ ದೂರನ್ನು ವಿಚಾರಿಸಲು ಈಚೆಗೆ ಬಂದ ಅಕ್ಕ, ಅರ್ಧ ಗಂಟೆ ಕಷ್ಟಸುಖ ಮಾತಾಡಿ, ಮಕ್ಕಳು ವಾಪಸ್ ಬಂದಮೇಲೆ ಅವರನ್ನು ದಿನಾ ಶಾಲೆ ಮುಟ್ಟಿಸುವ ಹೊಣೆಯನ್ನು ಅವರ ಹೆಗಲಿಗೇ ಹಾಕಿ ಎದ್ದರು. ಮೂವತ್ತು ವರ್ಷ ಬಸ್ಸು ತುಂಬ ಜನರನ್ನು ಹತ್ತಿಸಿ ಇಳಿಸಿದವಳಿಗೆ ಇಬ್ಬರು ಹುಡುಗಿಯರು ಯಾವ ಲೆಕ್ಕ ಎಂದು ಅಜ್ಜಿ ಈಗ ನನಗೇ ಸವಾಲು ಹಾಕುತ್ತಾರೆ.

ಇಷ್ಟು ಬೆಳಿಗ್ಗೆ ಯಾಕೆ ಬರಬೇಕು ಎಂದು ಕೇಳಿದೆ. ಅಕ್ಕನ ನಗು ಸ್ವಲ್ಪ ಇಳಿಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಇವರು ಯಾವುದೋ ಮನೆಗೆ ಹೋದರು. ಒಲೆ ತಣ್ಣಗಿತ್ತು, ಪಾತ್ರೆಗಳೆಲ್ಲ ಖಾಲಿ. ಮನೆಯಲ್ಲಿ ಅಡುಗೆ ಮಾಡಿದ ಲಕ್ಷಣವಿಲ್ಲ ಎಂದು ವರದಿ ಬರೆದರು. ಆ ಒಂದು ಸಾಲಿಗೆ ಒಂದು ಮಗು ನಲವತ್ತು ದಿನ ತಾಯಿಯಿಂದ ದೂರವಾಯಿತು. ಆ ತಾಯಿಯೋ, ಬೆಳಗಿನ ಐದಕ್ಕೇ ಎದ್ದು ಎರಡು ಹೊತ್ತಿಗೂ ಬೇಯಿಸಿ, ಡಬ್ಬಿ ತುಂಬಿ, ಪಾತ್ರೆ ತೊಳೆದು ಬೋರಲು ಹಾಕಿ ಕೆಲಸಕ್ಕೆ ಹೋಗುವ ಅಚ್ಚುಕಟ್ಟಿನ ಹೆಂಗಸು.

"ತೊಳೆದಿಟ್ಟ ಪಾತ್ರೆ ನೋಡಿ ಹಸಿವು ಅಂತ ಬರೆದೆ ನಾನು. ಆಯಮ್ಮ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು," ಎನ್ನುತ್ತಾರೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಂದಿನಿಂದ ಇವರು ಮನೆಯನ್ನು ಬೆಳಗಿನ ಆರಕ್ಕೆ ನೋಡದೆ ಒಂದಕ್ಷರ ಬರೆಯುವುದಿಲ್ಲ. ಈಗ ಇವರ ಕೈಯಲ್ಲಿರುವುದು ನಲವತ್ತೊಂದು ಕುಟುಂಬ. ದಿನಕ್ಕೆ ಆರು ಬಾಗಿಲು. ಒಂದೊಂದು ವರದಿಯೂ ಒಂಬತ್ತು ಪುಟ. ಇಪ್ಪತ್ತೊಂದು ವರ್ಷದಲ್ಲಿ ಮನೆ ಸೇರಿಸಿದ ಮಕ್ಕಳು ನೂರ ಹದಿನೆಂಟು. ಅದರಲ್ಲಿ ಏಳು ಮಕ್ಕಳು ಮತ್ತೆ ಧಾಮಕ್ಕೇ ಬರಬೇಕಾಯಿತು. ಆ ಏಳರ ಹೆಸರು ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಮೊಣಕಾಲಿನ ಚಿಪ್ಪು ಮೆಟ್ಟಿಲು ಹತ್ತಿ ಹತ್ತಿ ಸವೆದಿದೆ. ಊರವರ ಮಕ್ಕಳನ್ನೆಲ್ಲ ಹೊರಡಿಸುವ ಇವರು ಸ್ವಂತ ಮಗಳಿಗೆ ಒಂದು ದಿನವೂ ಶಾಲೆಗೆ ಜಡೆ ಹಾಕಲಿಲ್ಲವಂತೆ, ಹಾಕಿದ್ದೆಲ್ಲ ಗಂಡ. ಗಂಡಸರಿಗೆ ಈ ಕೆಲಸ ಬಾರದು ಎಂದರೆ ಇವರು ನಂಬದಿರುವುದು ಅದಕ್ಕೇ.

ಆರೂ ನಲವತ್ತಕ್ಕೆ ಎರಡೂ ಜಡೆ ಮುಗಿಯುತ್ತವೆ. ಬಲಗಡೆಯದು ಬಿಗಿಯಾಗಿ ನೆಟ್ಟಗಿದೆ. ಎಡಗಡೆಯದು ಮಾತ್ರ ಕಿವಿಯ ಹತ್ತಿರ ಜೋಲುತ್ತಿದೆ. ಅಕ್ಕ ಕನ್ನಡಿ ನೋಡಿ ತಲೆಯಾಡಿಸಿ, ಹಾಗೇ ಸ್ಕೂಟರ್ ಹತ್ತುತ್ತಾರೆ. ಜಡೆ ಬಿಚ್ಚುವುದಿಲ್ಲವೇ ಎಂದು ನಾನು ಗಾಬರಿಯಿಂದ ಕೇಳುತ್ತೇನೆ.

"ಒಂಬತ್ತು ಪುಟ ಯಾರು ಓದ್ತಾರೆ ಹೇಳಿ. ತಲೆಯನ್ನ ಎಲ್ರೂ ನೋಡ್ತಾರೆ."

ವಿಚಾರಣೆಯ ಕೋಣೆಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ನಾನು ಮತ್ತು ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂರುತ್ತೇವೆ. ಹನ್ನೊಂದೂ ಕಾಲು, ಹನ್ನೊಂದೂವರೆ. ಅಜ್ಜಿ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ತುಟಿ ಅಲುಗಿಸುತ್ತಿದ್ದಾರೆ. ನಾನೂ ಆ ಬಾಗಿಲಿನಿಂದ ಕಣ್ಣು ಕೀಳುತ್ತಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಆ ಮನೆಯ ಮಗಳಾಗಿದ್ದೆನಲ್ಲ. ಇದ್ದಕ್ಕಿದ್ದಂತೆ ಒಳಗಿನಿಂದ ನಾಲ್ಕೈದು ಜನ ಒಟ್ಟಿಗೆ ನಕ್ಕ ಸದ್ದು. ಸಮಿತಿಯವರು ನಗುವುದನ್ನು ಇದೇ ಮೊದಲು ಕೇಳುತ್ತಿದ್ದೇನೆ ಎಂದು ಬಾಗಿಲ ಬಳಿಯ ಜವಾನರು ಬೆರಗಾಗುತ್ತಾರೆ.

ನಡೆದದ್ದನ್ನು ಆಮೇಲೆ ಅಕ್ಕ ಹೇಳಿದರು. ಚಿಕ್ಕವಳು ಹಾಲು ಬೇಡವೆಂದರೆ ಏನು ಮಾಡುತ್ತೀಯ ಎಂದು ಕೇಳಿದರಂತೆ. ಬೆಳಿಗ್ಗೆ ಪತ್ರಿಕೆಯವರೂ ಹಟ ಹಿಡಿದರು, ಅಪ್ಪನ ಲೋಟದಲ್ಲಿ ಕೊಟ್ಟೆ, ಕುಡಿದರು ಎಂದನಂತೆ ಮೆಕ್ಯಾನಿಕ್. ಜಡೆ ಹಾಕಲು ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಆತ ಅಕ್ಕನ ಕಡೆ ಕೈ ತೋರಿಸಿದ. ಅಕ್ಕ ಎದ್ದು, ಐವತ್ತಾರರ ಪ್ರಾಯದಲ್ಲಿ, ರಿಬ್ಬನ್ ಕಟ್ಟಿದ ಎರಡು ಜಡೆಯನ್ನು ಸಮಿತಿಯ ಮುಂದೆ ತಿರುಗಿ ತೋರಿಸಿದರು. ಅದಾಗಿ ಐದು ನಿಮಿಷಕ್ಕೆ ಸಹಿ ಬಿತ್ತು.

ಬಾಗಿಲು ತೆರೆಯುತ್ತದೆ. ಧಾಮದಿಂದ ಕರೆತಂದಿದ್ದ ಹುಡುಗಿಯರು ಅಪ್ಪನ ಎರಡೂ ಕೈಗೆ ಜೋತುಬಿದ್ದು ಹೊರಗೆ ಬರುತ್ತಾರೆ. ಅಪ್ಪ ಕುಂಟುತ್ತಲೇ ಅಳುತ್ತಿದ್ದಾನೆ, ಅಳುತ್ತಲೇ ನಗುತ್ತಿದ್ದಾನೆ. ಅಜ್ಜಿ ಕಚೇರಿಯೆಂಬುದನ್ನೂ ಮರೆತು ಉದ್ದಕ್ಕೆ ಸೀಟಿ ಊದಿಬಿಡುತ್ತಾರೆ. ನನ್ನ ಕಣ್ಣಲ್ಲೂ ನೀರು ಬಂತು, ಬರೆಯಲು ನಾಚಿಕೆಯೇನಿಲ್ಲ.

ದೊಡ್ಡವಳು ಮಾತ್ರ ಅಕ್ಕನ ಹಿಂದೆ ಹೋಗಿ ನಿಂತು, ಹುಬ್ಬು ಗಂಟಿಕ್ಕಿ, ಎಡಗಡೆಯ ಜಡೆಯನ್ನು ಎತ್ತಿ ಪರೀಕ್ಷೆ ಮಾಡುತ್ತಾಳೆ.

"ಅಪ್ಪಾ, ಇದು ಸಡಿಲ ಆಗಿದೆ. ಮನೆಗೆ ಹೋದ್ಮೇಲೆ ನಾನು ಹೇಳಿಕೊಡ್ತೀನಿ."

ಅವರು ಮೆಟ್ಟಿಲಿಳಿದು ಹೋಗುವವರೆಗೂ ಅಕ್ಕ ನೋಡುತ್ತಾ ನಿಲ್ಲುತ್ತಾರೆ. ನಿಮಗೆ ಇನ್ನೇನು ಆಸೆ ಇದೆ ಎಂದು ನಾನು ರೂಢಿಯ ಪ್ರಶ್ನೆ ಕೇಳಿದೆ. ಅವರು ಎರಡೂ ರಿಬ್ಬನ್ ಬಿಚ್ಚಿ, ನೀಟಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಜಡೆ ಕಲಿಯೋಕೆ ಆ ಮನೆಗೆ ಇನ್ನು ನನ್ನ ತಲೆ ಬೇಕಾಗಿಲ್ಲ ನೋಡಿ. ಪ್ರತಿ ಮನೇಲೂ ಮಕ್ಕಳು 'ನಾನು ಹೇಳಿಕೊಡ್ತೀನಿ' ಅನ್ನೋ ಇಷ್ಟು ಮಾತು ನನಗೆ ಕೇಳಿಸಿದ್ರೆ ಸಾಕು."