ಸೀಟಿನ ಕೆಳಗಿನ ಡಬ್ಬಿ

ಎರಡು ವರ್ಷದ ಹಿಂದಿನ ಮಾತು. ಕಬ್ಬಿನ ಹಂಗಾಮು ಜೋರಾಗಿತ್ತು. ಅವತ್ತು ಎರಡನೇ ಶನಿವಾರ, ಆಫೀಸಿಗೆ ರಜೆ. ಬೀಳಗಿಯಿಂದ ಜಮಖಂಡಿಗೆ ಹೋಗಿ, ಅಲ್ಲಿಂದ ಬನಹಟ್ಟಿ ಬಸ್ ಹಿಡಿಯಬೇಕೆಂದು ಬೆಳಿಗ್ಗೆಯೇ ಹೊರಟಿದ್ದೆ. ಕೈಯಲ್ಲಿ ಒಂದು ಚೀಲ, ಚೀಲದೊಳಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಆ ಡಬ್ಬಿಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಬೀಳಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನವೆಲ್ಲ ಫೈಲು. ಮನೆಗೆ ಬಂದ ಮೇಲೆ ಹಳೆಯ ರೇಡಿಯೊ, ಕೆಟ್ಟ ಚಾರ್ಜರ್ ಬಿಚ್ಚಿಕೊಂಡು ಕೂಡುವುದು ನನ್ನ ಹುಚ್ಚು. ಇದು ಗೊತ್ತಿದ್ದ ನನ್ನ ಕಾಲೇಜು ಗೆಳೆಯ ಈರಣ್ಣ ಒಂದು ದಿನ ಬನಹಟ್ಟಿಯಿಂದ ಫೋನ್ ಮಾಡಿದ. ಅವನದು ಪವರ್‌ಲೂಮ್ ಮಗ್ಗ. ಸೀರೆಯ ಅಂಚಿನ ಚಿತ್ತಾರಕ್ಕೆ ಎಳೆಗಳನ್ನು ಎತ್ತುವ ಜಕಾರ್ಡ್ ಯಂತ್ರದಲ್ಲಿ ಸಾಲಾಗಿ ತಂತಿ ಸುತ್ತಿದ ಸಣ್ಣ ಸಣ್ಣ ಕಾಯಿಲ್‌ಗಳಿರುತ್ತವೆ. ಕರೆಂಟ್ ಹರಿದಾಗ ಅವು ಅಯಸ್ಕಾಂತ ಆಗಿ ಎಳೆಯುತ್ತವೆ. ಅವುಗಳಲ್ಲಿ ಕೆಲವು ಮುದಿಯಾಗಿದ್ದವು.

"ಸೀರಿ ಅಂಚಿನ್ಯಾಗ ನವಿಲಿನ ಕುತ್ತಿಗಿ ಕಟ್ ಆಗಾಕತ್ತೈತಿ ದೋಸ್ತಾ. ಯಾವ ಕಾಯಿಲ್ ಸತ್ತೈತಿ, ಯಾವುದು ಜೀವಂತ ಐತಿ, ಹೆಂಗ ಹುಡುಕೋದು?" ಎಂದ.

ಒಂದೊಂದು ಕಾಯಿಲ್‌ಗೂ ಕರೆಂಟನ್ನು ಸಣ್ಣ ಸಣ್ಣ ಹೊಡೆತವಾಗಿ ಕೊಡಬೇಕು, ವೋಲ್ಟೇಜನ್ನು ನಿಧಾನಕ್ಕೆ ಏರಿಸುತ್ತ ಹೋಗಬೇಕು. ಗಟ್ಟಿ ಇದ್ದದ್ದು ಬೇಗ ಎಳೆಯುತ್ತದೆ, ಮುದಿಯಾದದ್ದು ತಡ ಮಾಡುತ್ತದೆ. ಇಷ್ಟು ಹೊಳೆದದ್ದೇ ತಡ, ನನಗೆ ಊಟ ರುಚಿಸಲಿಲ್ಲ. ಎಂಟು ಕಾಲಿನ ಟೈಮರ್ ಐಸಿ ಒಂದನ್ನು ತಂದು, ಎರಡು ತಿರುಪು ಹಾಕಿದೆ. ಒಂದು ತಿರುಪು ಹೊಡೆತ ಬೇಗ ಬೇಗ ಬೀಳಬೇಕೋ ನಿಧಾನ ಬೀಳಬೇಕೋ ಎನ್ನುವುದಕ್ಕೆ, ಇನ್ನೊಂದು ಪ್ರತಿ ಹೊಡೆತದ ವೋಲ್ಟೇಜಿಗೆ. ಮೊದಲ ಸಲ ಹಚ್ಚಿದಾಗ ಟ್ರಾನ್ಸಿಸ್ಟರ್ ಸುಟ್ಟು ವಾಸನೆ ಬಂತು. ಎರಡನೆಯದೂ ಸುಟ್ಟಿತು. ಕರೆಂಟ್ ನಿಂತ ಕೂಡಲೇ ಕಾಯಿಲ್ ಉಲ್ಟಾ ಒದೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಅದಕ್ಕೆ ಅಡ್ಡ ಒಂದು ಡಯೋಡ್ ಹಾಕಿದೆ. ಮೂರು ವಾರ ಹಿಡಿಯಿತು.

ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸೆಲ್‌ಗಳನ್ನು ಕಪ್ಪು ಟೇಪಿನಿಂದ ಸುತ್ತಿ, ಪರೀಕ್ಷೆಗೆಂದು ಒಂದು ಹಳೆ ಕಾಯಿಲನ್ನೂ ಒಳಗೇ ಕೂಡಿಸಿ, ಎಲ್ಲವನ್ನೂ ಊಟದ ಡಬ್ಬಿಯಲ್ಲಿ ತುಂಬಿದೆ. ಹೊಡೆತಕ್ಕೊಮ್ಮೆ ಕಾಯಿಲ್ ಟಕ್ ಅನ್ನುತ್ತಿತ್ತು, ಕೆಂಪು ದೀಪ ಮಿನುಗುತ್ತಿತ್ತು.

"ಊಟದ ಡಬ್ಬಿನೂ ಬಿಡಲಿಲ್ಲೇನ್ರಿ ನೀವು?" ಎಂದು ಹೆಂಡತಿ ಸಿಟ್ಟಾದಳು.

ಬಸ್ ತುಂಬಿ ತುಳುಕುತ್ತಿತ್ತು. ಬಾಗಿಲ ಹತ್ತಿರದ ಸೀಟಿನಲ್ಲಿ ಒಬ್ಬ ಅಜ್ಜ ಕೂತಿದ್ದ. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪ ದೇವರ ಅರಿಶಿನ ಭಂಡಾರ. ನಮ್ಮ ಮನೆತನದವರೂ ಕುರಿ ಕಾಯ್ದವರೇ, ಹಾಗಾಗಿ ನೋಡಿದ ಕೂಡಲೇ ನಮ್ಮವನು ಅನ್ನಿಸಿತು. "ಅಜ್ಜಾ, ಈ ಚೀಲ ನಿಮ್ಮ ಸೀಟಿನ ಕೆಳಗ ಇಡತೇನಿ, ಒಂಚೂರು ನೋಡ್ಕೋರಿ" ಎಂದೆ. "ಇಡಪಾ, ಎಲ್ಲಿ ಹೋಗತೈತಿ" ಎಂದ. ಅಷ್ಟರಲ್ಲಿ ಕಂಡಕ್ಟರ್ ಅಕ್ಕ, "ಮುಂದ ಸರೀರಿ, ಮುಂದ ಸರೀರಿ" ಎಂದು ಕೂಗಿದರು. ಮಂದಿ ನನ್ನನ್ನು ತಳ್ಳಿಕೊಂಡು ಡ್ರೈವರ್ ಹತ್ತಿರದವರೆಗೆ ಒಯ್ದರು.

ಅರ್ಧ ದಾರಿ ಆಗಿತ್ತು. ಎದುರಿಗೆ ಕಬ್ಬು ತುಂಬಿದ ಟ್ರೇಲರ್ ಒಂದು ರಸ್ತೆಗೆ ಅಡ್ಡ ವಾಲಿ ನಿಂತಿತ್ತು. ಡ್ರೈವರ್ ಇಂಜಿನ್ ಬಂದ್ ಮಾಡಿದ. ಗದ್ದಲ ನಿಂತ ಆ ಕ್ಷಣದಲ್ಲಿ ಹಿಂದಿನಿಂದ ಒಬ್ಬ ಹೆಣ್ಣುಮಗಳ ದನಿ ಬಂತು.

"ಇದೇನ ಟಕ್ ಟಕ್ ಅನ್ನಾಕತ್ತೈತಿ?"

ಸೀಟಿನ ಕೆಳಗೆ ಯಾರೋ ಜೋಳದ ಚೀಲ ತುರುಕಿದ್ದರಂತೆ. ಅದು ತಾಗಿ ನನ್ನ ಡಬ್ಬಿಯ ಸ್ವಿಚ್ ಒತ್ತಿಬಿಟ್ಟಿತ್ತು. ಸದ್ದು ಕೇಳಿದ ಕೂಡಲೇ ಅದು ನನ್ನ ಡಬ್ಬಿಯೆಂದು ತಿಳಿದುಹೋಯಿತು, ನಗುವೂ ಬಂತು. "ನಂದರಿ ಅದು" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಒಬ್ಬ ಚೀಲದ ಬಾಯಿ ಅಗಲಿಸಿ ನೋಡಿದ.

"ವಾಯರ್ ಐತ್ರೋ! ಲೈಟ್ ಹತ್ತಾಕತ್ತೈತಿ! ಬಾಂಬ್! ಇಳೀರಿ, ಇಳೀರಿ!"

ಆಮೇಲೆ ಆದದ್ದು ಕಾಲ್ತುಳಿತ. ಒಬ್ಬಳು ಕೂಸನ್ನು ಕಿಟಕಿಯಿಂದ ಹೊರಗೆ ಕೊಟ್ಟಳು. ಕಂಡಕ್ಟರ್ ಅಕ್ಕ ಬಾಗಿಲಲ್ಲಿ ನಿಂತು, "ಗದ್ದಲ ಮಾಡಬ್ಯಾಡ್ರಿ, ಒಬ್ಬೊಬ್ಬರ ಇಳೀರಿ" ಎಂದು ಕೈ ಹಿಡಿದು ಇಳಿಸುತ್ತಿದ್ದರು. ನಾನೂ ಇಳಿದೆ, ಯಾರೋ ನೂಕಿದ್ದಕ್ಕೆ. ಎಲ್ಲರೂ ರಸ್ತೆಯ ಆಚೆ ಕಬ್ಬಿನ ಹೊಲದ ಬದುವಿಗೆ ಓಡಿದರು.

ಅಲ್ಲಿ ನೋಡಿದರೆ ಇಬ್ಬರು ಗಂಡಸರು ಆ ಅಜ್ಜನ ರಟ್ಟೆ ಹಿಡಿದಿದ್ದರು.

"ಹೇಳ ಮುದುಕಾ, ಏನ ಇಟ್ಟೀದಿ ಅದರಾಗ?"

"ನಂದಲ್ಲೋ ಯಪ್ಪಾ. ಯಾರೋ ಒಬ್ರು ಇಟ್ಟು ಹೋದ್ರು."

"ಯಾರು? ಇಲ್ಲೇ ಇರಬೇಕಲ್ಲ, ತೋರಸು!"

ಅಜ್ಜ ಕತ್ತು ಹೊರಳಿಸಿ ಎಲ್ಲರನ್ನೂ ನೋಡಿದ. ಅವನ ದೃಷ್ಟಿ ನನ್ನ ಮೇಲೂ ಬಂತು. ದೃಷ್ಟಿ ನನ್ನನ್ನು ದಾಟಿ ಮುಂದೆ ಹೋಯಿತು. "ಗೊತ್ತಾಗವಲ್ದೋ" ಎಂದ.

ಒಬ್ಬ ಅವನ ಕಂಬಳಿ ಕಿತ್ತು ಜಾಡಿಸಿದ. ಇನ್ನೊಬ್ಬ ಪೊಲೀಸರಿಗೆ ಫೋನ್ ಮಾಡುತ್ತಿದ್ದ. ನಾಲ್ಕೈದು ಮಂದಿ ಮೊಬೈಲ್ ಎತ್ತಿ ವಿಡಿಯೊ ಹಿಡಿಯುತ್ತಿದ್ದರು. "ಇಟ್ಟಾವ ಸಿಗಲಿ, ಕೈಕಾಲು ಮುರೀಬೇಕ ಅವಂದು" ಎಂದು ನನ್ನ ಪಕ್ಕದಲ್ಲೇ ಒಬ್ಬ ಹಲ್ಲು ಕಡಿದ. ಸಸ್ಪೆಂಡ್ ಆಗುತ್ತೇನೆ, ಇವತ್ತು ಸಂಜೆಯೊಳಗೆ ನನ್ನ ಮುಖ ಎಲ್ಲರ ಫೋನಿನಲ್ಲಿ ಇರುತ್ತದೆ, ಮಗಳು ಶಾಲೆಗೆ ಹೇಗೆ ಹೋಗುತ್ತಾಳೆ, ಇದೇ ತಲೆಯಲ್ಲಿ ಸುತ್ತುತ್ತಿತ್ತು. ಪೊಲೀಸರು ಬರಲಿ, ಅವರ ಮುಂದೆ ಮೆಲ್ಲಗೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನಾಲಿಗೆ ಅಲ್ಲಾಡುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ. ಐದು ನಿಮಿಷವಾದರೂ ಆಗಿರಬೇಕು.

ಆಗ ರಟ್ಟೆ ಹಿಡಿದವನು ಒಂದು ಮಾತು ಹೇಳಿದ. "ಇವನ ಸೀಟಿನ ಕೆಳಗ ಸಿಕ್ಕೈತಿ. ಇವನೇ ಒಳಗ ಹೋಗಿ ಹೊರಗ ತರಲಿ."

"ಹೌದ್ಹೌದು, ಅವನೇ ತರಲಿ!"

"ಏ, ಬ್ಯಾಡ್ರಿ, ವಯಸ್ಸಾದವರದಾರ" ಎಂದು ಕಂಡಕ್ಟರ್ ಅಕ್ಕ ಅಡ್ಡ ಬಂದರು. ಯಾರೂ ಕೇಳಲಿಲ್ಲ. ಅಜ್ಜನನ್ನು ಬಸ್ಸಿನ ಕಡೆ ನೂಕಿದರು. ಅವನು ಖಾಲಿ ಬಸ್ಸಿನ ಬಾಗಿಲಿಗೆ ಹೋಗಿ, ಕಂಬಿ ಹಿಡಿದು, ಕಾಲಿನಿಂದ ಮೆಟ್ಟಿಲು ಹುಡುಕಿದ. ಡಬ್ಬಿಯೊಳಗೆ ಇದ್ದದ್ದು ಬರೀ ಒಂದು ಕಾಯಿಲ್ ಎಂದು ನನಗೆ ಗೊತ್ತು. ಆದರೆ ಅವನು ಸಾವಿನ ಕಡೆಗೇ ಹತ್ತುತ್ತಿದ್ದ.

"ಅದು ನಂದು!" ಎಂದು ಚೀರಿದೆ. "ಅಜ್ಜಾರನ್ನ ಬಿಡ್ರಿ, ಅದು ನಂದು!"

ಓಡಿ ಹೋಗಿ ಅವನನ್ನು ಕೆಳಗಿಳಿಸಿ, ಒಳಗೆ ನುಗ್ಗಿ ಸ್ವಿಚ್ ಬಂದ್ ಮಾಡಿದೆ. ಡಬ್ಬಿ ಹಿಡಿದು ಹೊರಗೆ ಬಂದಾಗ ಕೆನ್ನೆಗೆ ಎರಡು ಬಿದ್ದವು, ಯಾರು ಹೊಡೆದರೋ ಕಾಣಲಿಲ್ಲ. ರಸ್ತೆಯ ಮೇಲೆ ಕೂತು ಒಂದೊಂದೇ ಬಿಚ್ಚಿ ತೋರಿಸಿದೆ. ಬೈಯುತ್ತಿದ್ದವರ ನಡುವಿನಿಂದ ರಬಕವಿಯ ನೇಕಾರರೊಬ್ಬರು ಮುಂದೆ ಬಂದು ಬಗ್ಗಿ ನೋಡಿ, "ಖರೆ ಐತ್ರಿ, ಇದು ಜಕಾರ್ಡ್‌ದ ಕಾಯಿಲ್. ನಮ್ಮ ಮಗ್ಗಕ್ಕೂ ಇಂಥಾವ ಅದಾವ" ಎಂದರು. ಅವರೊಬ್ಬರು ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಪೊಲೀಸರು ಬಂದರು, ನನ್ನ ಗುರುತಿನ ಚೀಟಿ ನೋಡಿದರು, ಹೆಸರು ಬರೆದುಕೊಂಡರು, ಎಲ್ಲರ ಮುಂದೆ ಛಲೋತ್ನಂಗ ಬೈದರು. "ಇಂಥಾವನ್ನ ಬಸ್ಸಿನ್ಯಾಗ ತರೂದಿದ್ರ ಬ್ಯಾಟರಿ ತಗದು ತರ್ರಿ" ಎಂದು ಬಿಟ್ಟು ಕಳಿಸಿದರು.

ಬಸ್ ಮತ್ತೆ ಹೊರಟಾಗ ಕಂಡಕ್ಟರ್ ಅಕ್ಕ ನನ್ನನ್ನು ಅಜ್ಜನ ಪಕ್ಕ ಕೂಡಿಸಿದರು. "ಧೈರ್ಯ ಮಾಡಿ ಹೇಳಿದ್ರಿ, ಬೇರೆದಾವ ಇದ್ರ ಓಡಿ ಹೋಗತಿದ್ದ" ಎಂದರು. ನಾನು ತಲೆ ಎತ್ತಲಿಲ್ಲ.

"ತಪ್ಪಾತ್ರಿ ಅಜ್ಜಾ" ಎಂದೆ.

"ನಿಂದೇನ ತಪ್ಪು ತಮ್ಮಾ. ಓಡಿ ಬಂದಿಯಲ್ಲ."

ಮನಸ್ಸು ತಡೆಯಲಿಲ್ಲ. "ನೀವು ನನ್ನ ಕಡೆ ನೋಡಿದ್ರಿ. ಯಾಕ ತೋರಸಲಿಲ್ಲರಿ?" ಎಂದು ಕೇಳಿದೆ. ನನ್ನನ್ನು ಉಳಿಸಲೆಂದೇ ಅವನು ಸುಮ್ಮನಿದ್ದ ಎಂದುಕೊಂಡಿದ್ದೆ.

"ನೋಡಿದ್ನೇನ?" ಎಂದು ಅಜ್ಜ ನಕ್ಕ. "ಎರಡೂ ಕಣ್ಣಿಗಿ ಪೊರಿ ಬಂದೈತಿ ತಮ್ಮಾ. ಜಮಖಂಡಿ ದವಾಖಾನಿಗಿ ಅದಕ್ಕ ಹೊಂಟೇನಿ. ಮಂದಿ ಬರೇ ನೆಳ್ಳಿನಂಗ ಕಾಣತಾರ. ನಿನ್ನ ದನಿ ಗುರ್ತ ಇತ್ತು. ಕಿವಿಗೊಟ್ಟ ನಿಂತಿದ್ದೆ, ಎಲ್ಲಾರೂ ಮಾತಾಡಿದ್ರು, ನಿನ್ನ ದನಿ ಒಂದ ಬರಲಿಲ್ಲ. ದೂರ ಇದ್ದಿಯೇನ? ನಿನಗ ಕೇಳಿಸಿರಲಿಕ್ಕಿಲ್ಲ."

"ಹೌದ್ರಿ ಅಜ್ಜಾ" ಎಂದೆ. "ದೂರ ಇದ್ದೆ."

ನಾನು ಅವನಿಂದ ಎಂಟು ಹೆಜ್ಜೆ ದೂರದಲ್ಲಿದ್ದೆ.

ಜಮಖಂಡಿ ಸ್ಟ್ಯಾಂಡಿನಲ್ಲಿ ಕೈ ಹಿಡಿದು ಇಳಿಸಿದೆ. ಆ ಗದ್ದಲದಲ್ಲಿ ಎಲ್ಲಿಂದಲೋ ಒಬ್ಬ ಹೆಣ್ಣುಮಗಳು, ಅವನ ಮಗಳೇ ಇರಬೇಕು, "ಯಪ್ಪಾ" ಎಂದು ಕೂಗಿದಳು. ಅಜ್ಜ ಥಟ್ಟನೆ ಆ ಕಡೆಗೇ ಮುಖ ತಿರುಗಿಸಿದ. ನನ್ನ ಕೈ ಬಿಟ್ಟು, ಆ ದನಿಯ ಕಡೆ ನಡೆದುಹೋದ.

ಬನಹಟ್ಟಿಯಲ್ಲಿ ಡಬ್ಬಿ ಕೆಲಸ ಮಾಡಿತು. ಹನ್ನೊಂದು ಸತ್ತ ಕಾಯಿಲ್ ಸಿಕ್ಕವು. ಈರಣ್ಣ ಈಗಲೂ ನಾಲ್ಕು ಮಂದಿ ಕೂಡಿದಾಗ ಈ ಕತೆ ಹೇಳಿಸಿ ನಗುತ್ತಾನೆ, "ನಮ್ಮ ದೋಸ್ತ ಎದಿ ಕೊಟ್ಟ ನಿಂತ ನೋಡ್ರಿ" ಎನ್ನುತ್ತಾನೆ. ನಾನೂ ನಗುತ್ತೇನೆ. ಆ ಐದು ನಿಮಿಷದ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ. ಕಣ್ಣು ಕಾಣದ ಒಬ್ಬ ಮನುಷ್ಯ ನನ್ನ ಒಂದು ಮಾತಿಗಾಗಿ ಕಿವಿಗೊಟ್ಟು ನಿಂತಿದ್ದ, ಹತ್ತಿರದಲ್ಲೇ ಇದ್ದ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.