ನೂರಾ ಒಂದು ಪೀಕದಾನಿ

ಬೈಲಹೊಂಗಲದ ಪ್ಯಾಟಿಯಲ್ಲಿ ಶೀತಲಳಿಗೆ ಇಟ್ಟಿರುವ ಹೆಸರು ಕಂಪ್ಯೂಟರ್ ಸೂಲಗಿತ್ತಿ. ಎದುರಿಗೆ ಯಾರೂ ಕರೆಯುವುದಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಾರೆ. ಅವಳಿಗೂ ಗೊತ್ತು, ಸಿಟ್ಟಿಲ್ಲ. ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದನ್ನೆಲ್ಲ ಕೈಕಾಲು ಮುರಿಯದಂತೆ ಹೊರಗೆ ತೆಗೆದು ಹೊಸ ಸಾಫ್ಟ್‌ವೇರಿನ ಉಡಿಗೆ ಹಾಕುವುದು ಅವಳ ಕಸುಬು. ಇಂಥ ಕಸುಬಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನೀವಾದರೂ ಎಲ್ಲಿಂದ ತರುತ್ತೀರಿ?

ಸ್ಕೂಟಿಯ ಮೇಲೆ ಲ್ಯಾಪ್‌ಟಾಪು, ವಾಯರುಗಳ ಗಂಟು, ಒಂದು ಡಬ್ಬಿ ರೊಟ್ಟಿ. ಹೊರಟಳೆಂದರೆ ಒಂದು ದಿನ ಕಿತ್ತೂರಿನ ಔಷಧದ ಅಂಗಡಿ, ಇನ್ನೊಂದು ದಿನ ರಾಮದುರ್ಗದ ಸೀರೆ ಅಂಗಡಿ. ಮನೋಳಿಯ ಗೊಬ್ಬರದ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ಇಲಿ ಬಾಣಂತನ ಮಾಡಿಕೊಂಡು ಕುಳಿತಿತ್ತು. ಮರಿಗಳನ್ನು ಒಂದೊಂದಾಗಿ ಎತ್ತಿ ಮೊರದಲ್ಲಿಟ್ಟು, ತಾಯಿಯಿಂದ ಕಚ್ಚಿಸಿಕೊಂಡು, ಟಿಟಿ ಇಂಜೆಕ್ಷನ್ ಮಾಡಿಸಿಕೊಂಡು ಬಂದು ಆಮೇಲೆ ಕೆಲಸಕ್ಕೆ ಕೈ ಹಚ್ಚಿದಳು. ಸೂಲಗಿತ್ತಿ ಎಂಬ ಹೆಸರು ಗಟ್ಟಿಯಾದದ್ದು ಆವತ್ತು.

ಇಷ್ಟೆಲ್ಲ ಇದ್ದರೂ ಅವಳಿಗೆ ಕೂಡಲು ಜಾಗವಿರಲಿಲ್ಲ. ಮಾವ ಮಹಾದೇವಪ್ಪನ ಹಿಟ್ಟಿನ ಗಿರಣಿಯ ಮೂಲೆಯೇ ಅವಳ ಆಫೀಸು. ಗಿರಣಿ ಗರ್ರ್ ಎಂದರೆ ಫೋನಿನಲ್ಲಿ ಮಾತು ಕೇಳದು. ಕೀಬೋರ್ಡಿನ ಸಂದಿಯಲ್ಲಿ ಹಿಟ್ಟು, ಹುಬ್ಬಿನ ಮೇಲೆ ಹಿಟ್ಟು, ಸೀನು ಬಂದರೆ ಏಳಕ್ಕೆ ಕಡಿಮೆ ಬರುತ್ತಿರಲಿಲ್ಲ. ಬಂದವರು ಲ್ಯಾಪ್‌ಟಾಪಿನ ಮೇಲೇ ಜೋಳದ ಚೀಲ ಇಟ್ಟು, "ತಂಗಿ, ರೊಟ್ಟಿಗೆ ಆಗೂಹಂಗ ಸಣ್ಣಗ ಬೀಸಿಕೊಡವಾ" ಎಂದು ಹೇಳಿ ಹೋಗುತ್ತಿದ್ದರು. ಶೀತಲಳಿಗೆ ಈ ಜನ್ಮದಲ್ಲಿ ಬೇಕಾಗಿದ್ದುದು ಒಂದೇ: ಬಾಗಿಲು ಇರುವ, ಹಿಟ್ಟು ಬೀಳದ ಒಂದು ಖೋಲಿ.

ಅಂಥ ಖೋಲಿ ಒಂದಿತ್ತು. ಪಾತ್ರೆ ಪಗಡೆ ಮಾರುವ ಭಾಂಡೆ ವ್ಯಾಪಾರಿ ನಿಜಗುಣಪ್ಪನ ಅಂಗಡಿಯ ಮೇಲೆ, ಬೀದಿಗೆ ಕಿಟಕಿ ಇರುವ ಖೋಲಿ. ಅದಕ್ಕೆ ಸದಾ ಬೀಗ. ಒಳಗೇನಿದೆ ಎಂದು ಕೇಳಿದರೆ ನಿಜಗುಣಪ್ಪ, "ಏನೋ ಸ್ವಲ್ಪ ಸಾಮಾನು ಅದಾವು" ಎಂದು ಮಾತು ಹಾರಿಸುತ್ತಿದ್ದ. ಬೀಗದ ಕೈ ಅವನ ತಾಯಿ ಕೆಂಚವ್ವನ ಸೊಂಟದಲ್ಲಿ. ಎಂಬತ್ತು ದಾಟಿದ ಕೆಂಚವ್ವ ಇವತ್ತಿಗೂ ಗಲ್ಲಾ ಪೆಟ್ಟಿಗೆಯ ಮುಂದಿನಿಂದ ಎದ್ದವಳಲ್ಲ. ಮಗ ಅರವತ್ತರ ಗಂಡಸು, ಗಲ್ಲಾ ಮುಟ್ಟಬೇಕಾದರೆ ಅವ್ವನನ್ನು ಕೇಳಬೇಕು.

ಆ ಅಂಗಡಿಯಲ್ಲಿ ಹಸಿರು ಅಕ್ಷರದ ಒಂದು ಮುದಿ ಕಂಪ್ಯೂಟರ್. ಕಪಾಳಕ್ಕೊಂದು ಬಿಟ್ಟರೇ ಅದು ಚಾಲೂ ಆಗುವುದು. ಕೆಂಚವ್ವ ದಿನಾ ಅದಕ್ಕೆ ವಿಭೂತಿ ಹಚ್ಚುತ್ತಾಳೆ. ಹೊಸ ಸಾಫ್ಟ್‌ವೇರ್ ಬರಲಿ, ಗಿರಾಕಿಗಳು ಫೋನಿನಲ್ಲೇ ಮಾಲು ನೋಡಲಿ, ಅದೆಲ್ಲ ಸರಿ. ಆದರೆ ಲೆಕ್ಕ ಬರೆಯುವುದು ಮಾತ್ರ ಹಳೆಯದರಲ್ಲೇ ಎಂದು ಅವಳ ಹಟ.

"ಹಳೇದ್ರಾಗ ನಾವು ಬರೀತೇವಿ, ಹೊಸದ್ರಾಗ ತಾನ ಬೀಳಬೇಕು. ಆಗತೈತೇನ ಹುಡುಗಿ?"

"ಆಗತೈತಿ ಆಯಿ."

"ಆದ್ರ ಮ್ಯಾಲಿನ ಖೋಲಿ ನಿನಗ. ಒಬ್ಬ ಗಿರಾಕಿ ಅಂಗಡಿ ಮುಂದ ನಿಂತು ದನಿ ಏರಿಸಿದ ಅಂದ್ರ ಮಾತ್ರ ಖೋಲಿನೂ ಇಲ್ಲ, ಗೀಲಿನೂ ಇಲ್ಲ."

ಶೀತಲ ಅಲ್ಲೇ ಕುಣಿಯುವುದೊಂದು ಬಾಕಿ. ಹೊರಡುವಾಗ ನಿಜಗುಣಪ್ಪ ಅತ್ತಿತ್ತ ನೋಡಿ ಅವಳ ಕೈಯಲ್ಲಿ ಒಂದು ಹೊಸ ಸ್ಟೀಲಿನ ತಂಬಿಗೆ ತುರುಕಿದ. "ಒಯ್ಯವಾ, ಒಯ್ಯಿ. ಇದು ಇಲ್ಲೆ ಇರೂದು ಬ್ಯಾಡ" ಎಂದ. ಎಂಥ ಉದಾರಿ ಮನುಷ್ಯ ಎಂದು ಅವಳು ದಾರಿಯುದ್ದಕ್ಕೂ ಹರಸಿಕೊಂಡು ಹೋದಳು.

ಮುದಿ ಕಂಪ್ಯೂಟರಿಗೆ ಹೊರಗಿನ ಲೋಕದ ಜೊತೆ ಸಂಬಂಧವೇ ಇಲ್ಲ. ಇಂಟರ್‌ನೆಟ್ ಇಲ್ಲ, ಪೆನ್‌ಡ್ರೈವ್ ಇಲ್ಲ. ಅದು ಮಾತಾಡುವುದು ಪ್ರಿಂಟರಿನ ಜೊತೆ ಮಾತ್ರ. ಶೀತಲ ಏನು ಮಾಡಿದಳೆಂದರೆ, ಪ್ರಿಂಟರಿಗೆ ಹೋಗುವ ವಾಯರು ಕಿತ್ತು ಮತ್ತೊಂದು ಪುಟ್ಟ ಡಬ್ಬಿಯ ಮೂಲಕ ಹೊಸ ಕಂಪ್ಯೂಟರಿಗೆ ಸಿಕ್ಕಿಸಿದಳು. ಹಳೆಯದು ತಾನು ಕಾಗದದ ಮೇಲೆ ಹೊಡೆಯುತ್ತಿದ್ದೇನೆ ಎಂದುಕೊಂಡು ಎಲ್ಲ ಹೇಳುತ್ತಿರುತ್ತದೆ; ಸೋರುವ ಮಾಡಿನ ಕೆಳಗೆ ಕೊಡ ಇಟ್ಟಂತೆ ಹೊಸದು ಹಿಡಿದುಕೊಳ್ಳುತ್ತಿರುತ್ತದೆ. ಆಮೇಲೆ ಅವಳೇ ಬರೆದ ಪ್ರೋಗ್ರಾಮು ಸಾಮಾನಿನ ಹೆಸರು ಬೇರೆ, ಸಂಖ್ಯೆ ಬೇರೆ ಮಾಡಿ ಹೊಸ ಸಾಫ್ಟ್‌ವೇರಿಗೆ ಸುರಿಯುತ್ತದೆ. ದಿನಾ ಸಂಜೆ ಅಂಗಡಿ ಬಾಗಿಲು ಹಾಕಿದ ಕೂಡಲೇ ತನ್ನಷ್ಟಕ್ಕೆ ತಾನೇ ನಡೆಯುವ ವ್ಯವಸ್ಥೆ. ಯಾರೂ ಬೆರಳು ಹಚ್ಚಬೇಕಾಗಿಲ್ಲ.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದಳು. ಕೂದಲೆಳೆಯಷ್ಟೂ ಫರಕಿಲ್ಲ. ಬಹಳ ಸಾಮಾನುಗಳ ಮುಂದೆ ನೂರಾ ಒಂದು, ನೂರಾ ಒಂದು ಎಂದಿತ್ತು, ನಿಜ. ದೈವಭಕ್ತರು, ಶುಭಸಂಖ್ಯೆ ನೋಡಿಯೇ ಮಾಲು ತರಿಸುತ್ತಾರೆ ಎಂದುಕೊಂಡಳು. ಬಾಯಿ ಬಿಟ್ಟು ಕೇಳಿದ್ದರೆ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಜಾಣರಿಗೆ ಕೇಳುವ ಚಟ ಕಡಿಮೆ.

ಹೊಸ ಸಾಫ್ಟ್‌ವೇರಿಗೋ, ಕೂಡಲು ಹೇಳಿದರೆ ಮಲಗುವ ಹುಮ್ಮಸ್ಸು. ಯಾವ ಮಾಲು ರಾಶಿ ಬಿದ್ದಿದೆ ಎಂದು ತಾನೇ ನೋಡಿ, ತಾನೇ ಆರಿಸಿ, ಸುತ್ತಲಿನ ನಾಲ್ಕು ತಾಲೂಕಿನ ಗಿರಾಕಿಗಳ ಫೋನಿಗೆ ಬೆಳಗಾಗುವುದರೊಳಗೆ ಡಂಗುರ ಸಾರಿತು: 'ಹಿತ್ತಾಳೆ ಪೀಕದಾನಿ. ಭರಪೂರ ದಾಸ್ತಾನು. ಇಂದೇ ಕೊಳ್ಳಿರಿ.'

ಅದು ಎಂ.ಕೆ. ಹುಬ್ಬಳ್ಳಿಯ ಕಾಂತೇಶನ ಕಣ್ಣಿಗೆ ಬಿತ್ತು. ಕಾಂತೇಶ ಕಬ್ಬು ಸಾಗಿಸುವ ಲಾರಿಗಳ ಮಾಲಕ. ಅವನ ಡ್ರೈವರುಗಳು ಎಲೆ, ಅಡಿಕೆ, ತಂಬಾಕು ಜಗಿದು ಕಿಟಕಿಯಿಂದ ಉಗುಳಿ ಉಗುಳಿ ಬಿಳಿ ಲಾರಿಗಳೆಲ್ಲ ಸುಣ್ಣ ತಾಗಿದ ಅರಿಶಿನದಂತೆ ಕೆಂಪಗಾಗಿದ್ದವು. ಗಾಡಿಗೊಂದು ಪೀಕದಾನಿ ಇಟ್ಟರೆ ಈ ಪೀಡೆ ತೊಲಗೀತು, ನೆಂಟರ ಲಾರಿಗಳಿಗೂ ಆದೀತು ಎಂದು ಇದ್ದಷ್ಟಕ್ಕೂ ಫೋನಿನಲ್ಲೇ ಆರ್ಡರ್ ಒತ್ತಿಬಿಟ್ಟ. ಸಾಫ್ಟ್‌ವೇರ್ ಕಣ್ಣು ಪಿಳುಕಿಸದೆ ಉತ್ತರ ಕೊಟ್ಟಿತು: 'ನೂರಾ ಒಂದು ಸಿದ್ಧ ಇವೆ. ಬಂದು ಒಯ್ಯಿರಿ.'

ಬಂದ. ಬಂದದ್ದು ಬಂದ, ಲಾರಿ ತಗೊಂಡೇ ಬಂದ. ಭಾಂಡೆ ಪ್ಯಾಟಿಯ ಓಣಿಯೊಳಗೆ ಅದನ್ನು ಹಿಮ್ಮುಖವಾಗಿ ತುರುಕಿ, ಎರಡೂ ಕಡೆಯ ಅಂಗಡಿಗಳಿಗೆ ಹಗಲಲ್ಲೇ ಕತ್ತಲು ಮಾಡಿ, ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಇಳಿದ.

"ಎಲ್ಲದಾವ್ರಿ ಸಾವ್ಕಾರ್ರ, ನಮ್ಮ ಪೀಕದಾನಿ?"

"ಪೀಕದಾನಿ?" ನಿಜಗುಣಪ್ಪ ಕಕ್ಕಾಬಿಕ್ಕಿಯಾದ. "ನಮ್ಮಪ್ಪ ಇದ್ದಾಗ ಮಾರತಿದ್ವಿರಿ. ಈಗ ಒಂದೂ ಇಲ್ಲ."

ಕಾಂತೇಶ ಫೋನು ಹಿಡಿದು ತೋರಿಸಿದ. ನಿಜಗುಣಪ್ಪ ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಓದಿದ. ಕಾಂತೇಶನ ದನಿ ಏರಿತು. ಏರಿದ್ದು ಎಷ್ಟೆಂದರೆ ಗಿರಣಿಯಲ್ಲಿದ್ದ ಶೀತಲಳಿಗೆ ಫೋನು ಮಾಡುವ ಅಗತ್ಯವೇ ಬೀಳಲಿಲ್ಲ. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳದೆ ಓಡಿಬಂದಳು. ಗಲ್ಲಾ ಮುಂದೆ ಕೆಂಚವ್ವ ತುಟಿ ಬಿಗಿದು ತನ್ನನ್ನೇ ನೋಡುತ್ತಿರುವುದನ್ನು ಕಂಡಳು. ಹೋಯಿತು, ಖೋಲಿ ಹೋಯಿತು ಎಂದುಕೊಂಡಳು.

"ಕಾಕಾ, ಹಳೇದ್ರಾಗ ನೂರಾ ಒಂದು ಪೀಕದಾನಿ ಅದಾವು. ನನ್ನ ಕಣ್ಣಾರೆ ನೋಡೇನಿ. ಮ್ಯಾಲಿನ ಖೋಲ್ಯಾಗರ ಇರಬೇಕು, ತಗದು ನೋಡ್ರಿ!"

"ಖೋಲಿ ಬ್ಯಾಡವಾ!" ನಿಜಗುಣಪ್ಪನ ಮುಖ ಬಿಳಿಚಿತು. "ಅದನ್ನೊಂದು ತಗೀಬ್ಯಾಡ್ರಿ."

ಬೇಡ ಎಂದದ್ದೇ ತಪ್ಪಾಯಿತು. ಕಾಂತೇಶ ಕೆಂಚವ್ವನ ಮುಂದೆ ಕೈ ಚಾಚಿದ. ಕೆಂಚವ್ವ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಅವನು ದಡದಡ ಮೆಟ್ಟಿಲು ಹತ್ತಿ ಬೀಗ ತೆಗೆದ.

ಆಮೇಲೆ ಕೇಳಿದ ಸದ್ದನ್ನು ಪ್ಯಾಟಿಯ ಮಂದಿ ಇವತ್ತಿಗೂ ಹೇಳುತ್ತಾರೆ. ಬಾಗಿಲು ತೆರೆದದ್ದೇ ಬೋಗೋಣಿ, ಹಿಟ್ಟು ನಾದುವ ಪರಾತ, ಬೂಂದಿ ಕರಿಯುವ ಝಾರಾ, ಡಬರಿ, ಇಡ್ಲಿ ಪಾತ್ರೆ, ಹಾಲಿನ ಕ್ಯಾನು, ಎಲ್ಲ ಒಂದರ ಮೇಲೊಂದು ಮೆಟ್ಟಿಲು ಇಳಿದು ಬಂದವು. ಒಂದು ಪರಾತ ಅಂಗಡಿ ದಾಟಿ, ಲಾರಿಯ ಅಡಿಯಿಂದ ತೂರಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯಿತು. ಕಟ್ಟಕಡೆಗೆ ಒಂದು ಮುಚ್ಚಳ ಶೀತಲಳ ಕಾಲಬುಡದಲ್ಲಿ ಗಿರಗಿರ ತಿರುಗಿ ತಿರುಗಿ ಬಿತ್ತು. ಪೀಕದಾನಿ ಒಂದೂ ಇಲ್ಲ. ಒಂದರಂತೆ ಇನ್ನೊಂದು ಭಾಂಡೆಯೂ ಇಲ್ಲ.

"ಇವೇನ್ರಿ ಇವು?" ಎಂದಳು ಶೀತಲ.

ಕೆಂಚವ್ವ ಬಾಯಿ ಬಿಟ್ಟಳು. "ಏನಂದ್ರ? ಮಾಲು ತೀರಿದ್ರ ಸೊನ್ನಿ ಬರೀತಾರೇನ? ಸೊನ್ನಿ ಬರದಿಟ್ಟ ಅಂಗಡ್ಯಾಗ ಲಕ್ಷ್ಮಿ ಕಾಲಿಡತಾಳೇನ? ನಾವು ನೂರಾ ಒಂದು ಬರೀತೇವಿ. ನೂರಾ ಒಂದು ಅಂದ್ರ ತೀರೇತಿ ಅಂತ ನಮಗ ಗೊತ್ತಿರತೈತಿ."

"ಮತ್ತ ಖರೇನ ನೂರಾ ಒಂದು ಉಳದ್ರ?"

"ಅದ್ಹೆಂಗ ಉಳೀತೈತಿ? ಒಂದು ತಗದು ಮ್ಯಾಲೆ ಒಗೀತೇವಿ. ನೂರು ಆತು. ಲೆಕ್ಕ ಸರಿ ಆತು."

ನಿಜಗುಣಪ್ಪ ನೆಲ ನೋಡುತ್ತ ನಿಂತಿದ್ದ. ಮೊದಲು ಮನೆಗೇ ಒಯ್ಯುತ್ತಿದ್ದನಂತೆ. ಹೆಂಡತಿ ಸುಂದರವ್ವ, ಇನ್ನೊಂದು ಝಾರಾ ಹೊಸಿಲು ದಾಟಿದರೆ ತವರಿಗೆ ಹೋಗುತ್ತೇನೆ ಎಂದ ಮೇಲೆ ಖೋಲಿಗೆ ಹಾಕತೊಡಗಿದ್ದ.

ಶೀತಲಳಿಗೆ ಏನೋ ಹೊಳೆಯಿತು. "ಹಂಗಾರ ನನಗ ಕೊಟ್ಟ ತಂಬಿಗಿ?"

"ಆವತ್ತ ತಂಬಿಗಿ ನೂರಾ ಒಂದಾಗಿದ್ವು ತಂಗಿ" ಎಂದ ನಿಜಗುಣಪ್ಪ, ಪಾಪದವನಂತೆ.

ಶೀತಲ ಹಣೆ ಹಣೆ ಬಡಿದುಕೊಂಡಳು. ಅವಳ ಅತ್ತೆಯೂ ಉಪ್ಪು ತೀರಿದರೆ ತೀರಿತು ಎನ್ನುವುದಿಲ್ಲ, ಹೆಚ್ಚಾಗೇತಿ ಎನ್ನುತ್ತಾಳೆ. ಅದನ್ನು ಕೇಳಿದ ಕೂಡಲೇ ಶೀತಲಳೇ ಚೀಲ ಹಿಡಿದು ಉಪ್ಪು ತರಲು ಓಡುತ್ತಾಳೆ. ಮನೆಯಲ್ಲಿ ದಿನಾ ಅರ್ಥವಾಗುವುದು ಅಂಗಡಿಯಲ್ಲಿ ಅರ್ಥವಾಗಲಿಲ್ಲವಲ್ಲ, ಥೂ ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡಳು.

ಇತ್ತ ಕಾಂತೇಶನಿಗೆ ಬೇರೆಯೇ ಸಂಕಟ. ಸಿಟ್ಟು ನೆತ್ತಿಗೇರಿದೆ, ಬೈಯಬೇಕು, ಬಾಯಲ್ಲಿ ಎಲೆ ಅಡಿಕೆಯ ರಸ ತುಂಬಿ ತುಳುಕುತ್ತಿದೆ. ಕೆಂಚವ್ವನ ಮುಂದೆ ನೆಲಕ್ಕೆ ಉಗುಳುವ ಧೈರ್ಯ ಬೈಲಹೊಂಗಲದಲ್ಲಿ ಯಾರಿಗೂ ಇಲ್ಲ. ಉಂ ಉಂ ಎನ್ನುತ್ತ ಅತ್ತಿತ್ತ ನೋಡಿ, ಮೆಟ್ಟಿಲ ಮೇಲೆ ಬಿದ್ದಿದ್ದ ಅಗಲ ಬಾಯಿಯ ಒಂದು ಡಬರಿ ಎತ್ತಿಕೊಂಡು ಪಚಕ್ಕನೆ ಉಗುಳಿದ. ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಡಬರಿಯೊಳಗೆ ಇಣುಕಿದ. ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

"ಏ, ಇದೂ ಆಗತೈತಲ್ರಿ!"

"ಆಗಲಾರದೇನ ಅಣ್ಣಾರ?" ಶೀತಲ ಸಂದು ಬಿಡಲಿಲ್ಲ. "ಪೀಕದಾನಿ ಒಂದ ನಮೂನಿ ಇರತಾವು. ಇವು ಗಾಡಿಗೊಂದು ನಮೂನಿ. ಯಾವ ಡ್ರೈವರಂದು ಯಾವುದು ಅಂತ ಗುರುತು ಸಿಗತೈತಿ, ಜಗಳ ಇಲ್ಲ."

"ಕೊಡದಾಗ, ತಂಬಿಗ್ಯಾಗ ಉಗುಳಬ್ಯಾಡ್ರೋ, ನೀರ ಕುಡಿಯೂ ಭಾಂಡೆ!" ಎಂದು ಕೆಂಚವ್ವ ಚೀರಿದಳು. ಅಷ್ಟನ್ನು ಬದಿಗಿಟ್ಟು ಮಿಕ್ಕಿದ್ದೆಲ್ಲ ಲಾರಿ ಏರಿತು. ಇಡ್ಲಿ ಪಾತ್ರೆಗಾಗಿ ಮೂವರು ಡ್ರೈವರುಗಳು ಕೊರಳಪಟ್ಟಿ ಹಿಡಿದುಕೊಂಡರಂತೆ. ಗೆದ್ದವನು ಅದನ್ನು ಹೆಂಡತಿಗೆ ಒಯ್ದು ಕೊಟ್ಟು ಈಗಲೂ ಕಿಟಕಿಯಿಂದಲೇ ಉಗುಳುತ್ತಾನೆ.

ಲಾರಿ ಹೋಯಿತು, ಓಣಿಗೆ ಬೆಳಕು ಬಂತು. ಶೀತಲ ಗಲ್ಲಾ ಮುಂದೆ ಬಂದು ನಿಂತಳು. ಗಿರಾಕಿ ದನಿ ಏರಿಸಿದ್ದು ಊರಿಗೇ ಕೇಳಿತ್ತು, ಅಲ್ಲಗಳೆಯುವಂತಿರಲಿಲ್ಲ.

"ಖೋಲಿ ನನಗ ಬ್ಯಾಡ ಬಿಡ್ರಿ ಆಯಿ. ಮಾತಂದ್ರ ಮಾತು" ಎಂದಳು. ಕಣ್ಣಲ್ಲಿ ನೀರು ತುಂಬಿ ಹುಬ್ಬಿನ ಹಿಟ್ಟು ಕೆನ್ನೆಗೆ ಇಳಿಯಿತು.

ಕೆಂಚವ್ವ ಮೆಟ್ಟಿಲ ಕಡೆ ನೋಡಿದಳು. ಮೇಲೆ ಬಾಗಿಲು ಹಾರುಹೊಡೆದಿತ್ತು, ಒಳಗೆ ಕಡ್ಡಿಯೂ ಇರಲಿಲ್ಲ. ಮುದುಕಿಯ ಮುಖ ಕಪ್ಪಿಟ್ಟಿತು.

"ಶಿವ ಶಿವಾ, ನನ್ನ ಮನಿಯೊಳಗ ಖಾಲಿ ಖೋಲಿ! ಇದೂ ಸೊನ್ನಿನ ಅಲ್ಲೇನ? ನಿಂತು ಏನ್ ನೋಡತೀ, ಹೋಗಿ ಕುಂದ್ರ ಹೋಗ ಹುಡುಗಿ, ದೀಪ ಹಚ್ಚೂದ್ರೊಳಗ!"

ಶೀತಲ ಅವತ್ತೇ ಕುಳಿತಳು. ಕಿಟಕಿ ತೆರೆದಳು, ಬಾಗಿಲು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಸೀನು ಬರಲಿಲ್ಲ. ಆಮೇಲೆ ಪ್ರೋಗ್ರಾಮು ತಿದ್ದಿದಳು: ಹಳೆಯದರಲ್ಲಿ ನೂರಾ ಒಂದು ಎಂದಿದ್ದರೆ ಹೊಸದರಲ್ಲಿ 'ಬರಾಕ ಹತ್ತೇತಿ' ಎಂದು ತೋರಿಸಬೇಕು, ಸೊನ್ನೆ ಯಾರ ಕಣ್ಣಿಗೂ ಬೀಳಬಾರದು. ಮಾರುತ್ತ ಮಾರುತ್ತ ನಿಜವಾಗಿ ನೂರಾ ಒಂದಕ್ಕೆ ಬಂದರೆ ಹಳೆಯ ಎಡವಟ್ಟು ಮರುಕಳಿಸದಂತೆ ಗಂಟೆ ಬಾರಿಸಿ ನಿಜಗುಣಪ್ಪನನ್ನು ಎಚ್ಚರಿಸಬೇಕು.

ಮರುದಿನ ಸಂಜೆ ಕೆಳಗೆ ಟಿಣ್ ಎಂದು ಗಂಟೆ ಬಡಿಯಿತು. ಎಷ್ಟು ಚಂದ ಕೆಲಸ ಮಾಡುತ್ತಿದೆ ಎಂದು ಅವಳು ಹಿಗ್ಗುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಿಜಗುಣಪ್ಪ ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಒಂದು ಹೊಸ ಝಾರಾ.

"ನೂರಾ ಒಂದಾತು ತಂಗಿ. ಎಲ್ಲಿಡ್ಲಿ?"

ಶೀತಲ ಝಾರಾ ನೋಡಿದಳು, ತಾನೇ ಬರೆದ ಪ್ರೋಗ್ರಾಮು ನೋಡಿದಳು, ಒಂದು ಉಸಿರು ಬಿಟ್ಟಳು.

"ಆ ಮೂಲ್ಯಾಗ ಇಡ್ರಿ ಕಾಕಾ" ಎಂದಳು.